ವೈದ್ಯಕೀಯ ಉಪಕರಣ ಕಂಪನಿಯ ಪ್ರಾಕ್ಸಿ ಸ್ಟೇಟ್‌ಮೆಂಟ್: ಮೇಲಧಿಕಾರಿಗಳ ಸಂಬಳದ ದಾಖಲೆ ಎಷ್ಟು ಹೇಳುತ್ತದೆ, ಎಲ್ಲಿ ಕೈಕೊಡುತ್ತದೆ

ಪೇಸ್‌ಮೇಕರ್, ಸ್ಟೆಂಟ್, ಕೃತಕ ಕೀಲು ಮಾಡುವ ಕಂಪನಿಯ ಆಡಳಿತ ನೆಟ್ಟಗಿದೆಯೇ ಎಂದು ಹೊರಗಿನವರು ತಿಳಿಯಬೇಕಾದರೆ ಮೊದಲು ಕೈಗೆತ್ತಿಕೊಳ್ಳಬೇಕಾದ ಕಾಗದ, ಸಭೆಯಲ್ಲಿ ಮತ ಹಾಕಲು ಷೇರುದಾರರಿಗೆ ಕಂಪನಿ ಕೊಡುವ ವಿವರಪತ್ರವಾದ ಪ್ರಾಕ್ಸಿ ಸ್ಟೇಟ್‌ಮೆಂಟ್. ಅಮೆರಿಕದ ಷೇರುಪೇಟೆಯಲ್ಲಿರುವ ಅಲ್ಲಿನ ಕಂಪನಿಗಳು ವಾರ್ಷಿಕ ಸಭೆಗೆ ಮುಂಚೆ ಇದನ್ನು ಷೇರುಪೇಟೆ ನಿಯಂತ್ರಕ ಎಸ್‌ಇಸಿಗೆ ಸಲ್ಲಿಸಲೇಬೇಕು. ಎಸ್‌ಇಸಿಯ ಎಡ್ಗರ್ ತಾಣದಲ್ಲಿ ಕಂಪನಿಯ ಹೆಸರು ಹಾಕಿ, ಫಾರಂಗಳ ಪಟ್ಟಿಯಲ್ಲಿ ‘ಡೆಫ್ 14ಎ’ ಆರಿಸಿದರೆ ಸಿಗುತ್ತದೆ. ದುಡ್ಡು ಕೊಡಬೇಕಿಲ್ಲ, ಖಾತೆ ತೆರೆಯಬೇಕಿಲ್ಲ.

ಯಾರಿಗೆ ಎಷ್ಟು ಕೊಟ್ಟರು ಎಂಬುದರಲ್ಲಿ ಇದು ತುಂಬಾ ಒಳ್ಳೆಯ ದಾಖಲೆ. ಆದರೆ ಈ ಉದ್ಯಮದಲ್ಲಿ ಕೇಳಲೇಬೇಕಾದ ಪ್ರಶ್ನೆ ಇನ್ನೊಂದಿದೆ: ಉಪಕರಣ ಕೆಟ್ಟು ರೋಗಿಗೆ ತೊಂದರೆಯಾದರೆ ಮೇಲಿನವರ ಜೇಬಿಗೆ ಏನಾದರೂ ತಟ್ಟುತ್ತದೆಯೇ? ಇದಕ್ಕೆ ಉತ್ತರ ದಾಖಲೆಯಲ್ಲಿ ಒಂದೇ ಕಡೆ ಇಲ್ಲ. ಮೂರು ನಾಲ್ಕು ಕಡೆಯಿಂದ ಹೆಕ್ಕಿ ತಂದು, ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯಾದ ಎಫ್‌ಡಿಎಯ ದಾಖಲೆಗಳ ಪಕ್ಕ ಇಟ್ಟು ನೋಡಬೇಕು.

ಸಂಬಳದ ಕೋಷ್ಟಕ

ಮೊದಲು ತೆರೆಯಬೇಕಾದದ್ದು ಸಂಬಳದ ಸಾರಾಂಶ ಕೋಷ್ಟಕ. ಸಿಇಒ, ಹಣಕಾಸು ಮುಖ್ಯಸ್ಥ, ಇವರ ಜೊತೆಗೆ ಅತಿ ಹೆಚ್ಚು ಸಂಬಳದ ಇನ್ನು ಮೂವರು, ಹೀಗೆ ಸಾಮಾನ್ಯವಾಗಿ ಐವರ ಮೂರು ವರ್ಷದ ಲೆಕ್ಕ ಇಲ್ಲಿರುತ್ತದೆ. ಗುಣಮಟ್ಟ ವಿಭಾಗದ ಮುಖ್ಯಸ್ಥರು ಈ ಐವರಲ್ಲಿ ಇರುವುದು ಅಪರೂಪ. ಉತ್ಪಾದನೆ ನಿಲ್ಲಿಸಿ ಎಂದು ಹೇಳಬೇಕಾದ ವ್ಯಕ್ತಿಗೆ ಮಾರಾಟ ಮುಖ್ಯಸ್ಥರಿಗೆ ಸಿಗುವ ಬೋನಸ್ಸೇ, ಅದೇ ಗುರಿಗಳ ಮೇಲೆ ಸಿಗುತ್ತಿದೆಯೇ ಎಂಬುದು ಹಾಗಾಗಿ ಹೊರಗಿನವರಿಗೆ ಕಾಣುವುದೇ ಇಲ್ಲ. ಈ ದಾಖಲೆಯ ದೊಡ್ಡ ಕೊರತೆಗಳಲ್ಲಿ ಇದೊಂದು.

‘ಬೋನಸ್’ ಎಂಬ ಕಾಲಂನಲ್ಲಿ ಸೊನ್ನೆ ಇದ್ದರೆ ಬೋನಸ್ ಕೊಟ್ಟಿಲ್ಲ ಎಂದು ತಿಳಿಯಬೇಡಿ. ಗುರಿ ಮುಟ್ಟಿದ್ದಕ್ಕೆ ಕೊಡುವ ನಗದು ‘ನಾನ್-ಈಕ್ವಿಟಿ ಇನ್ಸೆಂಟಿವ್’ ಎಂಬ ಬೇರೆ ಕಾಲಂನಲ್ಲಿ ಕೂರುತ್ತದೆ. ‘ಬೋನಸ್’ ಕಾಲಂನಲ್ಲಿ ಮೊತ್ತ ಇದ್ದರೆ ಅದು ಗುರಿಗೆ ಕಟ್ಟುಬೀಳದ ಹಣ: ಸೇರುವಾಗ ಕೊಟ್ಟದ್ದು, ಬಿಟ್ಟುಹೋಗದಿರಲಿ ಎಂದು ಕೊಟ್ಟದ್ದು, ಇಲ್ಲವೇ ನಿರ್ದೇಶಕ ಮಂಡಳಿಯ ಸಂಬಳ ಸಮಿತಿ ತನ್ನ ವಿವೇಚನೆಯಿಂದ ಕೊಟ್ಟದ್ದು. ರೀಕಾಲ್ ಆದ, ಅಂದರೆ ದೋಷವಿರುವ ಉಪಕರಣವನ್ನು ಕಂಪನಿ ವಾಪಸ್ ಕರೆಸಿದ ಅಥವಾ ಸರಿಪಡಿಸಿದ, ವರ್ಷವೇ ಆ ಕಾಲಂ ತುಂಬಿದ್ದರೆ ಅಡಿಟಿಪ್ಪಣಿಯನ್ನು ಓದದೆ ಮುಂದೆ ಹೋಗಬಾರದು. ಷೇರಿನ ಕಾಲಂನಲ್ಲಿರುವುದು ಕೊಟ್ಟ ದಿನದ ಅಂದಾಜು ಬೆಲೆ, ಕೈಗೆ ಬಂದ ಹಣವಲ್ಲ. ಷೇರಿನ ಬೆಲೆ ಏರಿಳಿದ ಮೇಲೆ ಎಷ್ಟಾಯಿತು ಎಂದು ತಿಳಿಯಲು ಸಂಬಳ ಮತ್ತು ಸಾಧನೆಯನ್ನು ಹೋಲಿಸುವ ಕೋಷ್ಟಕಕ್ಕೆ ಹೋಗಿ. ಎಸ್‌ಇಸಿ 2022ರಲ್ಲಿ ತಂದ ನಿಯಮದಿಂದಾಗಿ 2023ರ ಪ್ರಾಕ್ಸಿಗಳಿಂದ ಇದು ಸೇರಿದೆ.

ಅದೇ ನಿಯಮದಲ್ಲಿ ಇನ್ನೊಂದು ಚಿಕ್ಕ ಪಟ್ಟಿಯೂ ಬಂತು. ಸಂಬಳ ನಿರ್ಧರಿಸುವಲ್ಲಿ ಅತಿ ಮುಖ್ಯವಾದ ಮೂರರಿಂದ ಏಳು ಮಾನದಂಡಗಳನ್ನು ಕಂಪನಿ ಹೆಸರಿಸಬೇಕು. ಹಣಕಾಸಿನದಲ್ಲದ ಮಾನದಂಡವನ್ನೂ ಸೇರಿಸಲು ಅವಕಾಶವಿದೆ. ಅರ್ಧ ಪುಟವೂ ಇಲ್ಲದ ಈ ಪಟ್ಟಿಯನ್ನು ಮೊದಲು ನೋಡಿ. ಆದಾಯ, ಪ್ರತಿ ಷೇರಿನ ಗಳಿಕೆ, ನಗದು ಹರಿವು, ಷೇರುದಾರರ ಒಟ್ಟು ಲಾಭ ಇಷ್ಟೇ ಇದ್ದು ಗುಣಮಟ್ಟ, ರೋಗಿಯ ಸುರಕ್ಷತೆ ಎಂಬ ಪದವೇ ಇಲ್ಲದಿದ್ದರೆ, ಮುಂದಿನ ಹತ್ತು ಪುಟದಲ್ಲಿ ‘ರೋಗಿಯೇ ನಮಗೆ ಮೊದಲು’ ಎಂದು ಎಷ್ಟು ಸಲ ಬರೆದಿದ್ದರೂ ಸಂಬಳದ ಮಟ್ಟಿಗೆ ಅದಕ್ಕೆ ತೂಕವಿಲ್ಲ.

ಸಿಇಒ ಸಂಬಳ, ಸಂಬಳದ ಸಾಲಿನಲ್ಲಿ ನಟ್ಟನಡುವೆ ಇರುವ ಉದ್ಯೋಗಿಯ ಸಂಬಳದ ಎಷ್ಟು ಪಟ್ಟು ಎಂಬ ಅನುಪಾತವೂ 2018ರಿಂದ ಪ್ರಕಟವಾಗುತ್ತಿದೆ. ಜೋಡಣೆ ಘಟಕಗಳನ್ನು ಮೆಕ್ಸಿಕೊ, ಕೋಸ್ಟರಿಕಾದಲ್ಲಿ ಇಟ್ಟ ಕಂಪನಿಗೆ ಈ ಸಂಖ್ಯೆ ತಾನಾಗಿಯೇ ದೊಡ್ಡದಾಗುತ್ತದೆ, ಹೊರಗುತ್ತಿಗೆಗೆ ಕೊಟ್ಟ ಕಂಪನಿಗೆ ಚಿಕ್ಕದಾಗುತ್ತದೆ. ಎರಡು ಕಂಪನಿಗಳನ್ನು ತೂಗಲು ಇದು ನೆರವಾಗದು. ಒಂದೇ ಕಂಪನಿಯ ಹಿಂದಿನ ವರ್ಷಕ್ಕೆ ಹೋಲಿಸಲು ಸಾಕು.

‘ಹೊಂದಾಣಿಕೆ ಮಾಡಿದ’ ಲಾಭ

ಇಡೀ ದಾಖಲೆಯಲ್ಲಿ ಅತಿ ಹೆಚ್ಚು ಹೊತ್ತು ಕೊಡಬೇಕಾದ ಜಾಗ ಇದು. ಬೋನಸ್ ಲೆಕ್ಕ ಸಾಮಾನ್ಯವಾಗಿ ನಿಂತಿರುವುದು ಲೆಕ್ಕಪತ್ರದ ಲಾಭದ ಮೇಲಲ್ಲ, ‘ಅಡ್ಜಸ್ಟೆಡ್’ ಲಾಭದ ಮೇಲೆ. ಕಂಪನಿ ಖರೀದಿಯ ವೆಚ್ಚ, ಪುನರ್‌ರಚನೆಯ ವೆಚ್ಚಗಳ ಜೊತೆಗೆ ರೀಕಾಲ್ ವೆಚ್ಚ, ಮೊಕದ್ದಮೆಯ ರಾಜಿ ಹಣ, ಎಫ್‌ಡಿಎ ಎಚ್ಚರಿಕೆ ಪತ್ರದ ನಂತರದ ರಿಪೇರಿ ವೆಚ್ಚಗಳನ್ನೂ ಎಷ್ಟೋ ಕಡೆ ‘ಒಂದು ಸಲದ ಖರ್ಚು’ ಎಂದು ತೆಗೆದುಹಾಕುತ್ತಾರೆ.

ಇದು ಏನು ಮಾಡುತ್ತದೆ ಎಂದು ತೋರಿಸಲು ಒಂದು ಮಾದರಿ ಲೆಕ್ಕ. ಸಿಇಒ ಮೂಲ ಸಂಬಳ 10 ಲಕ್ಷ ಡಾಲರ್, ಗುರಿ ಬೋನಸ್ ಅದರ 120 ಶೇಕಡಾ, ಅಂದರೆ 12 ಲಕ್ಷ. ಲಾಭದ ಗುರಿ 50 ಕೋಟಿ ಡಾಲರ್. ಗುರಿಯ 90 ಶೇಕಡಾ ಮುಟ್ಟಿದರೆ ಅರ್ಧ ಬೋನಸ್, 100 ಶೇಕಡಾ ಮುಟ್ಟಿದರೆ ಪೂರ್ತಿ, 90ಕ್ಕಿಂತ ಕೆಳಗಿದ್ದರೆ ಏನೂ ಇಲ್ಲ. ಆ ವರ್ಷ ರೀಕಾಲ್‌ಗೆ 6 ಕೋಟಿ ಖರ್ಚಾಗಿ ಲಾಭ 43 ಕೋಟಿಗೆ ಇಳಿಯಿತು ಎನ್ನಿ. ಇದು ಗುರಿಯ 86 ಶೇಕಡಾ, ಬೋನಸ್ ಸೊನ್ನೆ. ರೀಕಾಲ್ ಖರ್ಚನ್ನು ಮರಳಿ ಸೇರಿಸಿದರೆ 49 ಕೋಟಿ, ಗುರಿಯ 98 ಶೇಕಡಾ. 90ರಿಂದ 100ರ ನಡುವೆ ಒಂದೊಂದು ಶೇಕಡಾಕ್ಕೆ ಬೋನಸ್ 5 ಶೇಕಡಾ ಏರುವುದರಿಂದ 90 ಶೇಕಡಾ ಬೋನಸ್, ಅಂದರೆ 10 ಲಕ್ಷ 80 ಸಾವಿರ ಡಾಲರ್. ಒಂದೇ ವರ್ಷ, ಒಂದೇ ಕಾರ್ಖಾನೆ, ಅದೇ ಕೆಟ್ಟ ಉಪಕರಣ. ವ್ಯತ್ಯಾಸ ಇರುವುದು ‘ಹೊರತುಪಡಿಸಿ’ ಎಂಬ ಒಂದು ಪದದಲ್ಲಿ.

ಈ ಹೊಂದಾಣಿಕೆಯ ಪಟ್ಟಿ ಪ್ರಾಕ್ಸಿಯ ಕೊನೆಯ ಅನುಬಂಧದಲ್ಲಿರುತ್ತದೆ. ಕೆಲವೊಮ್ಮೆ ವಾರ್ಷಿಕ ವರದಿ ನೋಡಿ ಎಂದು ದಾರಿ ತೋರಿಸಿ ಬಿಟ್ಟಿರುತ್ತಾರೆ. ಅಂಥ ಕಡೆ ಆ ವಾರ್ಷಿಕ ವರದಿಯನ್ನು, ಅಂದರೆ ಫಾರಂ 10-ಕೆಯನ್ನು, ತೆರೆದು ‘ರೀಕಾಲ್’, ‘ರೆಮಿಡಿಯೇಷನ್’, ‘ಲಿಟಿಗೇಷನ್’ ಎಂಬ ಮೂರು ಪದ ಹುಡುಕಿ. ಐದು ವರ್ಷದ ಹೊಂದಾಣಿಕೆಗಳನ್ನು ಒಂದರ ಪಕ್ಕ ಒಂದು ಬರೆದುಕೊಳ್ಳಿ. ಐದರಲ್ಲಿ ನಾಲ್ಕು ವರ್ಷ ಅದೇ ಸಾಲು ಬಂದಿದ್ದರೆ ಅದು ಒಂದು ಸಲದ ಖರ್ಚಲ್ಲ, ಆ ಕಂಪನಿ ವ್ಯವಹಾರ ನಡೆಸುವ ರೀತಿಯೇ ಅದು. ಅದನ್ನು ಹೊರಗಿಟ್ಟು ಬೋನಸ್ ಕೊಡುವ ಸಮಿತಿ, ಕೆಟ್ಟ ವಿನ್ಯಾಸದ ವೆಚ್ಚವನ್ನು ಷೇರುದಾರರ ತಲೆಗೂ ಅದರ ನೋವನ್ನು ರೋಗಿಯ ಮೈಗೂ ಹೊರಿಸಿ ಮೇಲಿನವರನ್ನು ಪಾರುಮಾಡುತ್ತಿದೆ. ಇದನ್ನು ತಪ್ಪು ಎಂದೇ ಹೇಳಬೇಕು.

ಗುಣಮಟ್ಟದ ಗುರಿ ಇದ್ದರೂ ಸಾಲದು, ಏನನ್ನು ಅಳೆಯುತ್ತಾರೆ ಎಂದು ನೋಡಬೇಕು. ದೂರುಗಳ ಸಂಖ್ಯೆ ಇಳಿಸುವುದು ಗುರಿಯಾದರೆ, ಬಂದ ಕರೆಯನ್ನು ದೂರು ಎಂದು ದಾಖಲಿಸುವ ಬದಲು ‘ವಿಚಾರಣೆ’ ಎಂದು ದಾಖಲಿಸುವ ಆಸೆ ಹುಟ್ಟುತ್ತದೆ. ಕಾಪಾ, ಅಂದರೆ ದೋಷ ಸರಿಪಡಿಸುವ ಮತ್ತು ಮರುಕಳಿಸದಂತೆ ತಡೆಯುವ ಕಡತ, ಗಡುವಿನೊಳಗೆ ಮುಚ್ಚಬೇಕು ಎಂಬುದು ಗುರಿಯಾದರೆ, ಪರಿಹಾರ ನಿಜಕ್ಕೂ ಕೆಲಸ ಮಾಡಿತೇ ಎಂದು ಪರೀಕ್ಷಿಸದೆ ಕಡತ ಮುಚ್ಚುತ್ತಾರೆ. ಸಾವು, ಗಂಭೀರ ಗಾಯದ ವರದಿಯನ್ನು ಕಂಪನಿ ತಿಳಿದ 30 ದಿನದೊಳಗೆ ಎಫ್‌ಡಿಎಗೆ ಕೊಡಬೇಕು ಎಂಬ ನಿಯಮವಿದೆ. ಆ ಗಡುವು ಪಾಲಿಸಿದ ಪ್ರಮಾಣವನ್ನು ಅಳೆಯುವುದು ಮೇಲಿನ ಎರಡಕ್ಕಿಂತ ಮೇಲು, ಅಲ್ಲಿ ಬೇಗ ಹೇಳಿದವರಿಗೆ ಅಂಕ. ಅದಕ್ಕಿಂತಲೂ ಮೇಲಾದದ್ದು ರೀಕಾಲ್ ವೆಚ್ಚವನ್ನು ಲಾಭದಿಂದ ಹೊರತೆಗೆಯದೆ ಹಾಗೇ ಬಿಡುವುದು.

ಮೂರು ವರ್ಷದ ಸಂಬಳ, ಐದು ವರ್ಷದ ಕೀಲು

ದೀರ್ಘಾವಧಿ ಷೇರುಗಳೆಂದರೆ ಬಹುತೇಕ ಮೂರು ವರ್ಷದ ಲೆಕ್ಕ. ಅಳವಡಿಸುವ ಉಪಕರಣದ ಆಯಸ್ಸಿಗೆ ಇದು ಸಾಲುವುದೇ ಇಲ್ಲ. ಜಾನ್ಸನ್ ಆ್ಯಂಡ್ ಜಾನ್ಸನ್‌ನ ಡಿಪ್ಯೂ ಕಂಪನಿಯ ಎಎಸ್‌ಆರ್ ಸೊಂಟದ ಕೀಲು 2003ರಲ್ಲಿ ಅಮೆರಿಕದ ಹೊರಗೆ, 2005ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂತು. ರೀಕಾಲ್ ಆದದ್ದು 2010ರ ಆಗಸ್ಟ್‌ನಲ್ಲಿ. ಲೋಹದ ಮೇಲೆ ಲೋಹ ಉಜ್ಜುವ ಆ ಕೀಲನ್ನು ಹಾಕಿಸಿಕೊಂಡವರಲ್ಲಿ ಐದು ವರ್ಷದೊಳಗೆ ಎಂಟರಲ್ಲಿ ಒಬ್ಬರ ಆಸುಪಾಸು ಮರುಶಸ್ತ್ರಚಿಕಿತ್ಸೆಗೆ ಹೋಗಬೇಕಾಯಿತು ಎಂದು ಬ್ರಿಟನ್ನಿನ ಕೀಲು ನೋಂದಣಿಯ ಅಂಕಿಅಂಶ ತೋರಿಸಿತ್ತು. 2013ರಲ್ಲಿ ಸುಮಾರು 250 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಂದವಾಯಿತು. ಬಿಡುಗಡೆಯ ವರ್ಷದ ಮಾರಾಟಕ್ಕೆ ಕೊಟ್ಟ ಷೇರು ಮೂರು ವರ್ಷದಲ್ಲಿ ಕೈಗೆ ಸಿಗುವುದಾದರೆ, ಕೀಲು ಸಡಿಲವಾಗುವ ಹೊತ್ತಿಗೆ ಮೇಲಿನವರ ಲೆಕ್ಕ ಚುಕ್ತಾ ಆಗಿರುತ್ತದೆ.

ಆದ್ದರಿಂದ ಪ್ರಾಕ್ಸಿಯಲ್ಲಿ ‘ಷೇರು ಇಟ್ಟುಕೊಳ್ಳುವ ನಿಯಮ’ ಎಂಬ ಭಾಗ ಹುಡುಕಿ. ಸಿಇಒ ಮೂಲ ಸಂಬಳದ ಐದಾರು ಪಟ್ಟು ಷೇರು ಇಟ್ಟುಕೊಂಡಿರಬೇಕು ಎಂಬ ಸಾಲು ಸಾಮಾನ್ಯ. ಕೆಲಸ ಬಿಟ್ಟ ಮೇಲೂ ಒಂದೆರಡು ವರ್ಷ ಮಾರಬಾರದು ಎಂಬ ಸಾಲು ಇದ್ದರೆ ಅದು ಬಹಳ ದೊಡ್ಡ ಗುಣ.

ಕೊಟ್ಟದ್ದನ್ನು ವಾಪಸ್ ಪಡೆಯುವ ನಿಯಮ

ಕ್ಲಾಬ್ಯಾಕ್ ಎಂಬ ಶೀರ್ಷಿಕೆ ಈಗ ಅಮೆರಿಕದ ಷೇರುಪೇಟೆಯ ಕಂಪನಿಗಳಲ್ಲೆಲ್ಲ ಇದೆ. 2023ರ ಡಿಸೆಂಬರ್ 1ರೊಳಗೆ ಇಂಥ ನೀತಿ ತರಬೇಕೆಂದು ಷೇರುಪೇಟೆಗಳ ನಿಯಮವೇ ಹೇಳಿತು. ಲೆಕ್ಕಪತ್ರ ತಪ್ಪಾಗಿ ತಿದ್ದಬೇಕಾಗಿ ಬಂದರೆ, ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಹೆಚ್ಚಾಗಿ ಕೊಟ್ಟ ಬೋನಸ್ಸನ್ನು ಅಧಿಕಾರಿಯ ತಪ್ಪಿರಲಿ ಇಲ್ಲದಿರಲಿ ವಾಪಸ್ ಪಡೆಯಬೇಕು. ಒಳ್ಳೆಯ ನಿಯಮವೇ. ಆದರೆ ಇದಕ್ಕೆ ಕಿಡಿ ಹಚ್ಚುವುದು ಲೆಕ್ಕದ ತಪ್ಪು ಮಾತ್ರ. ಹೃದಯದ ಬಡಿತ ಸರಿಪಡಿಸಲು ದೇಹದೊಳಗೆ ಇಡುವ ಡಿಫಿಬ್ರಿಲೇಟರ್ ಶಾರ್ಟ್ ಸರ್ಕ್ಯೂಟ್ ಆಗುತ್ತದೆ ಎಂದು ಗೊತ್ತಿದ್ದೂ ಹೇಳದಿದ್ದರೆ, ಲೆಕ್ಕಪತ್ರ ಸರಿಯಿರುವವರೆಗೆ, ಈ ನಿಯಮದಿಂದ ಒಂದು ಡಾಲರೂ ವಾಪಸ್ ಬರುವುದಿಲ್ಲ. ಇದು ಬರೀ ಊಹೆಯಲ್ಲ. ಗೈಡಂಟ್ ಕಂಪನಿ ಇಂಥದೇ ದೋಷದ ಮಾಹಿತಿಯನ್ನು ಎಫ್‌ಡಿಎಗೆ ಸರಿಯಾಗಿ ಕೊಡಲಿಲ್ಲ ಎಂಬ ಪ್ರಕರಣದಲ್ಲಿ 2010ರಲ್ಲಿ ತಪ್ಪೊಪ್ಪಿಕೊಂಡಿತು, 29.6 ಕೋಟಿ ಡಾಲರ್ ತೆರಬೇಕಾಯಿತು. ಅಷ್ಟರಲ್ಲಿ ಅದು ಬೋಸ್ಟನ್ ಸೈಂಟಿಫಿಕ್ ಪಾಲಾಗಿ ನಾಲ್ಕು ವರ್ಷ ಕಳೆದಿತ್ತು.

ಹಾಗಾಗಿ ಕಂಪನಿ ಕಾನೂನು ಕೇಳಿದ್ದಕ್ಕಿಂತ ಮುಂದೆ ಹೋಗಿದೆಯೇ ಎಂದು ನೋಡಿ. ದುರ್ನಡತೆ, ಮೇಲ್ವಿಚಾರಣೆಯ ಲೋಪ, ಕಾನೂನು ಪಾಲನೆಯ ಉಲ್ಲಂಘನೆ ಈ ಮೂರೂ ಇದ್ದು, ಸಮಯ ಕಳೆದರೆ ಸಿಗುವ ಷೇರುಗಳಿಗೂ ಅನ್ವಯಿಸುತ್ತದೆ ಎಂದು ಬರೆದಿದ್ದರೆ ಅದು ಹಲ್ಲಿರುವ ನೀತಿ. ‘ಸಮಿತಿ ಬೇಕಿದ್ದರೆ ಪಡೆಯಬಹುದು’ ಎಂದಷ್ಟೇ ಇದ್ದರೆ, ಹಾಗೆ ಪಡೆದದ್ದನ್ನು ಪ್ರಕಟಿಸುತ್ತೇವೆ ಎಂಬ ಸಾಲಾದರೂ ಇರಬೇಕು.

‘ಕಾಸ್’ ಎಂಬ ಪದದ ವ್ಯಾಖ್ಯೆ

ಓದುವವರು ಹೆಚ್ಚಾಗಿ ದಾಟಿಹೋಗುವ ಜಾಗ ಇದು. ತಪ್ಪಿನ ಕಾರಣಕ್ಕೆ ತೆಗೆದುಹಾಕಿದರೆ ಪರಿಹಾರ ಇಲ್ಲ, ಇಲ್ಲದಿದ್ದರೆ ಸಂಬಳ ಮತ್ತು ಬೋನಸ್ಸಿನ ಎರಡು ಮೂರು ಪಟ್ಟು ಕೊಡಬೇಕು ಎಂದು ಒಪ್ಪಂದದಲ್ಲಿರುತ್ತದೆ. ಆ ‘ತಪ್ಪಿನ ಕಾರಣ’, ಅಂದರೆ ಕಾಸ್, ಎಂದರೇನು? ಬಹಳ ಒಪ್ಪಂದಗಳಲ್ಲಿ ಅದು ‘ಫೆಲನಿ’, ಅಂದರೆ ದೊಡ್ಡ ಅಪರಾಧದಲ್ಲಿ ಶಿಕ್ಷೆ. ವೈದ್ಯಕೀಯ ಉಪಕರಣದ ಕಾನೂನು ಹಾಗೆ ನಡೆಯುವುದಿಲ್ಲ. ಕಲಬೆರಕೆಯ ಅಥವಾ ತಪ್ಪು ಲೇಬಲ್‌ನ ಉಪಕರಣ ಮಾರುಕಟ್ಟೆಗೆ ಬಿಟ್ಟರೆ, ಮೋಸದ ಉದ್ದೇಶ ಸಾಬೀತಾಗದಿದ್ದರೆ, ಮೊದಲ ಸಲಕ್ಕೆ ಅದು ‘ಮಿಸ್‌ಡಿಮೀನರ್’, ಅಂದರೆ ಚಿಕ್ಕ ಅಪರಾಧ. ತಡೆಯುವ ಅಧಿಕಾರ ಇದ್ದೂ ತಡೆಯದ ಅಧಿಕಾರಿಯನ್ನೇ ಇದಕ್ಕೆ ಹೊಣೆ ಮಾಡಬಹುದು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1975ರ ಪಾರ್ಕ್ ತೀರ್ಪಿನಲ್ಲಿ ಹೇಳಿದೆ.

ಸಿಂಥೆಸ್ ಪ್ರಕರಣ ನೋಡಿ. ಅದರ ನೋರಿಯನ್ ಎಂಬ ಅಂಗಸಂಸ್ಥೆಯ ಮೂಳೆ ಸಿಮೆಂಟನ್ನು ಅನುಮತಿ ಇಲ್ಲದೆ ಬೆನ್ನುಮೂಳೆಯ ಮುರಿತಕ್ಕೆ ಬಳಸಿ ನೋಡಲಾಯಿತು. ಮೂವರು ರೋಗಿಗಳು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆಯೇ ತೀರಿಕೊಂಡರು. ನಾಲ್ವರು ಅಧಿಕಾರಿಗಳು ಜೈಲಿಗೆ ಹೋದರು. ಆದರೆ ಅವರು ಒಪ್ಪಿಕೊಂಡದ್ದು ಮಿಸ್‌ಡಿಮೀನರ್. ಅಕ್ಲಾರೆಂಟ್ ಪ್ರಕರಣದಲ್ಲೂ ಹಾಗೆಯೇ. ಸೈನಸ್ ಜಾಗ ತೆರೆದಿಡಲು ಎಂದು ಅನುಮತಿ ಪಡೆದ ಸ್ಟ್ರೇಟಸ್ ಎಂಬ ಉಪಕರಣವನ್ನು ಸ್ಟಿರಾಯ್ಡ್ ಒಳಗೆ ಬಿಡಲು ಎಂದು ಮಾರಿದರು. 2010ರಲ್ಲಿ ಜಾನ್ಸನ್ ಆ್ಯಂಡ್ ಜಾನ್ಸನ್ ಕಂಪನಿ ಅಕ್ಲಾರೆಂಟನ್ನು 78.5 ಕೋಟಿ ಡಾಲರ್‌ಗೆ ಕೊಂಡಿತು. 2016ರಲ್ಲಿ ಜ್ಯೂರಿ ಮಾಜಿ ಸಿಇಒ ಮತ್ತು ಮಾರಾಟ ಉಪಾಧ್ಯಕ್ಷರನ್ನು ಮೋಸದ ಫೆಲನಿ ಆರೋಪಗಳಿಂದ ಬಿಟ್ಟು, ಮಿಸ್‌ಡಿಮೀನರ್‌ಗಳಲ್ಲಿ ದೋಷಿ ಎಂದಿತು. ‘ಕಾಸ್ ಎಂದರೆ ಫೆಲನಿ’ ಎಂದಷ್ಟೇ ಬರೆದ ಒಪ್ಪಂದದಡಿ ಇಂಥ ಅಧಿಕಾರಿ ಪರಿಹಾರವನ್ನೂ ಷೇರುಗಳನ್ನೂ ತೆಗೆದುಕೊಂಡು ಹೋಗಬಹುದು. ‘ಆಹಾರ, ಔಷಧ, ಉಪಕರಣ ಕಾನೂನಿನ ಯಾವುದೇ ಉಲ್ಲಂಘನೆ’ ಎಂಬ ಆರು ಪದ ಸೇರಿಸಿದರೆ ಈ ಬಾಗಿಲು ಮುಚ್ಚುತ್ತದೆ. ಒಪ್ಪಂದದ ಪೂರ್ಣ ಪ್ರತಿ ಪ್ರಾಕ್ಸಿಯಲ್ಲಿ ಇರುವುದಿಲ್ಲ. 10-ಕೆಯ ಅನುಬಂಧ ಪಟ್ಟಿಯಲ್ಲಿ 10ರಿಂದ ಶುರುವಾಗುವ ಸಂಖ್ಯೆಗಳಲ್ಲಿ ಹುಡುಕಿ.

ಆದಾಯದ ಗುರಿ ಎಲ್ಲಿ ಕೊಳೆಯುತ್ತದೆ

ಟೆಕ್ಸಾಸ್‌ನ ಆಸ್ಟಿನ್‌ನಲ್ಲಿದ್ದ ಆರ್ಥ್ರೊಕೇರ್ ಕಂಪನಿಯ ವಂಚನೆ ಮಾರಾಟ ತಂಡಗಳಿಗೆಲ್ಲ ಗೊತ್ತಿರುವ ವಿಧಾನದ್ದು. ತ್ರೈಮಾಸಿಕದ ಕೊನೆಯಲ್ಲಿ ವಿತರಕರಿಗೆ ಬೇಡದ ಸರಕನ್ನೂ ತುಂಬಿ ಕಳಿಸಿ ಆದಾಯ ಎಂದು ತೋರಿಸಿದರು. ಇದರಲ್ಲಿ ಮುಖ್ಯ ಪಾತ್ರ ಡಿಸ್ಕೊಕೇರ್ ಎಂಬ ವಿತರಕ ಸಂಸ್ಥೆಯದು. ಕೊನೆಗೆ ಅದನ್ನೇ ಕೊಂಡುಕೊಂಡರು. 2008ರಲ್ಲಿ ಹಳೆಯ ಲೆಕ್ಕ ತಿದ್ದಬೇಕಾಯಿತು. ಸಿಇಒ ಮೈಕೆಲ್ ಬೇಕರ್ ಮೇಲಿನ ಮೊದಲ ತೀರ್ಪು ಮೇಲ್ಮನವಿಯಲ್ಲಿ ರದ್ದಾಗಿ, 2017ರ ಮರುವಿಚಾರಣೆಯಲ್ಲಿ ಮತ್ತೆ ದೋಷಿಯಾಗಿ 20 ವರ್ಷದ ಶಿಕ್ಷೆಯಾಯಿತು.

ಬೋನಸ್ಸಿನ ಅರ್ಧಕ್ಕಿಂತ ಹೆಚ್ಚು ಪಾಲು ಆದಾಯದ ಮೇಲೆ ನಿಂತಿರುವ ಕಂಪನಿಯಲ್ಲಿ ಒಂದು ಲೆಕ್ಕ ಮಾಡಿ: ಗ್ರಾಹಕರಿಂದ ಬರಬೇಕಾದ ಬಾಕಿಯನ್ನು ಆ ತ್ರೈಮಾಸಿಕದ ಮಾರಾಟದಿಂದ ಭಾಗಿಸಿ 90ರಿಂದ ಗುಣಿಸಿ. ವಸೂಲಿಗೆ ಎಷ್ಟು ದಿನ ಎಂದು ಸಿಗುತ್ತದೆ. ಮಾರಾಟ ಏರುತ್ತಿರುವಾಗಲೇ ಈ ದಿನಗಳು 60ರಿಂದ 75, 75ರಿಂದ 95 ಎಂದು ಬೆಳೆಯುತ್ತ ಹೋದರೆ ಸರಕು ವಿತರಕರ ಗೋದಾಮಿನಲ್ಲಿ ಕೂತಿದೆಯೇ ಎಂದು ಕೇಳಬೇಕು.

ಪಕ್ಕದಲ್ಲಿಟ್ಟು ನೋಡಬೇಕಾದ ದಾಖಲೆಗಳು

ಎಫ್‌ಡಿಎಯ ರೀಕಾಲ್ ಸಂಗ್ರಹದಲ್ಲಿ ಕಂಪನಿ ರೀಕಾಲ್ ಶುರುಮಾಡಿದ ದಿನ, ಅದರ ವರ್ಗ, ಎಫ್‌ಡಿಎ ಗುರುತಿಸಿದ ಕಾರಣ ಇರುತ್ತವೆ. ಒಂದನೇ ವರ್ಗ ಎಂದರೆ ಸಾವು ಅಥವಾ ಗಂಭೀರ ಹಾನಿಯ ಸಂಭವ. ಆ ದಿನಾಂಕವನ್ನು ಎಡ್ಗರ್‌ನ ಫಾರಂ 4ರ ಪಕ್ಕ ಇಡಿ. ಅಧಿಕಾರಿ ಷೇರು ಮಾರಿದ ಎರಡು ವ್ಯವಹಾರ ದಿನದೊಳಗೆ ಅದು ದಾಖಲಾಗುತ್ತದೆ. 2023ರ ಏಪ್ರಿಲ್‌ನಿಂದ, ಮಾರಾಟ ಮೊದಲೇ ಬರೆದಿಟ್ಟ ಯೋಜನೆಯಂತೆ ನಡೆಯಿತೇ, ಆ ಯೋಜನೆ ಯಾವ ದಿನ ಮಾಡಿದ್ದು ಎಂಬುದೂ ಅದರಲ್ಲಿರುತ್ತದೆ. ಮೊದಲ ದೂರುಗಳು ಬಂದ ನಂತರ ಮಾಡಿಕೊಂಡ ಯೋಜನೆಯಾದರೆ ಅಲ್ಲಿ ಪ್ರಶ್ನೆ ಇದೆ. ದೂರುಗಳ ಕಾಲಾನುಕ್ರಮಕ್ಕೆ ‘ಮಾಡ್’ ಎಂದು ಕರೆಯುವ ಸಂಗ್ರಹ ನೋಡಿ. ಅಲ್ಲಿನ ಸಂಖ್ಯೆಯಿಂದ ಉಪಕರಣ ಎಷ್ಟು ಸಲ ಕೆಡುತ್ತದೆ ಎಂಬ ದರ ತೆಗೆಯಲಾಗದು, ಯಾಕೆಂದರೆ ಒಟ್ಟು ಬಳಕೆ ಎಷ್ಟು ಎಂದು ಅದರಲ್ಲಿಲ್ಲ. ಆದರೆ ಕಂಪನಿಗೆ ವಿಷಯ ಯಾವಾಗ ತಿಳಿಯಿತು ಎಂಬುದು ಅದರಲ್ಲಿ ಸಿಗುತ್ತದೆ. ವೈದ್ಯರಿಗೆ ಕಂಪನಿ ಕೊಟ್ಟ ಹಣಕ್ಕೆ ‘ಓಪನ್ ಪೇಮೆಂಟ್ಸ್’ ತಾಣವಿದೆ, 2013ರ ಆಗಸ್ಟ್‌ನಿಂದ ಈಚಿನ ಲೆಕ್ಕ ಅಲ್ಲಿದೆ.

ಷೇರುದಾರರ ಮತ

ಸಂಬಳದ ಮೇಲಿನ ಮತ ಕಂಪನಿಯನ್ನು ಕಟ್ಟಿಹಾಕುವುದಿಲ್ಲ, ಅಭಿಪ್ರಾಯ ಮಾತ್ರ. ಹಾಗಿದ್ದರೂ ಅದಕ್ಕೆ ತೂಕವಿದೆ. ನೆದರ್‌ಲ್ಯಾಂಡ್ಸ್‌ನ ಫಿಲಿಪ್ಸ್ 2021ರಲ್ಲಿ ಉಸಿರಾಟದ ಯಂತ್ರಗಳ ಫೋಮ್ ದೋಷಕ್ಕೆ ಲಕ್ಷಾಂತರ ಯಂತ್ರ ರೀಕಾಲ್ ಮಾಡಿತು. ಆ ವರ್ಷದ ಸಂಬಳ ವರದಿಯನ್ನು 2022ರ ಸಭೆಯಲ್ಲಿ ಸುಮಾರು 80 ಶೇಕಡಾ ಮತಗಳು ತಿರಸ್ಕರಿಸಿದವು. ಅದೇ ಅಕ್ಟೋಬರ್‌ನಲ್ಲಿ ಹೊಸ ಸಿಇಒ ಬಂದರು.

ಅಮೆರಿಕದಲ್ಲಿ ಸಭೆಯ ನಂತರ ನಾಲ್ಕು ವ್ಯವಹಾರ ದಿನದೊಳಗೆ ಫಾರಂ 8-ಕೆಯ 5.07ನೇ ಅಂಶದಲ್ಲಿ ಮತಗಳ ಲೆಕ್ಕ ಬರುತ್ತದೆ. ಬೆಂಬಲ 70 ಶೇಕಡಾಕ್ಕಿಂತ ಕಡಿಮೆಯಾದರೆ ಮತ ಸಲಹಾ ಸಂಸ್ಥೆ ಐಎಸ್‌ಎಸ್ ಮುಂದಿನ ವರ್ಷ ಸಂಬಳ ಸಮಿತಿಯ ಪ್ರತಿಕ್ರಿಯೆಯನ್ನು ಪರಿಶೀಲಿಸುತ್ತದೆ, ಅದಕ್ಕಾಗಿ ಕಂಪನಿ ಮುಂದಿನ ಪ್ರಾಕ್ಸಿಯಲ್ಲಿ ‘ಷೇರುದಾರರಿಂದ ಏನು ಕೇಳಿದೆವು, ಏನು ಮಾಡಿದೆವು’ ಎಂಬ ಎರಡು ಕಾಲಂನ ಕೋಷ್ಟಕ ಹಾಕುತ್ತದೆ. ಬಲಗಡೆಯ ಕಾಲಂನಲ್ಲಿ ‘ವಿವರಣೆ ಹೆಚ್ಚಿಸಿದೆವು’ ಎಂದಿದೆಯೇ, ‘ರೀಕಾಲ್ ವೆಚ್ಚವನ್ನು ಇನ್ನು ಮುಂದೆ ಹೊರಗಿಡುವುದಿಲ್ಲ’ ಎಂದಿದೆಯೇ ಎಂದು ಅಲ್ಲಿ ಓದಿ.